ಗೌರಿಬಿದನೂರಿನ ಲೈನು

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಒಮ್ಮೊಮ್ಮೆ ಮನೆಗೆ ಬಂದು ಕೂತು, "ನಿಮ್ಮ ಕಾಲದಲ್ಲಿ ಹೇಗಿತ್ತು ಆಂಟಿ?" ಎಂದು ಕೇಳುತ್ತಾರೆ. ಹೇಳಲು ಹೊರಟರೆ ನನಗೇ ಆಯಾಸವಾಗುತ್ತದೆ. ಬೇಳೆ ಬೇಯುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಬರೆದಿಡೋಣ ಎನಿಸಿತು. ಬಡ್ತಿಯ ಪತ್ರಗಳು, ಬೀಳ್ಕೊಡುಗೆಯ ಶಾಲು ಬೀರುವಿನಲ್ಲಿವೆ, ಅವು ಅಲ್ಲೇ ಇರಲಿ.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು, ಮದುವೆಗೆ ಮುಂಚೆ ಕಲಿತ ಟೈಪಿಂಗು, ಇವೆರಡೇ ನನಗೆ ಬರುತ್ತಿದ್ದದ್ದು. ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದ ಮೇಲೆ ಎರಡನ್ನೂ ಮರೆತಹಾಗೇ ಆಗಿತ್ತು. ಎಂಬತ್ತರ ದಶಕದ ಕೊನೆಗೆ ಊರಿನ ಬೆಳೆಗಾರರ ಸಂಘವೊಂದು ಕಂಪ್ಯೂಟರು ಕೊಂಡಿತು. ಜೊತೆಗೆ ಬಂದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನಮ್ಮ ಯಜಮಾನರ ಪರಿಚಯದವರೊಬ್ಬರು, "ನಿಮ್ಮನೆಯೋರು ಕಾನ್ವೆಂಟಲ್ವಾ? ಮಧ್ಯಾಹ್ನ ಸುಮ್ನೆ ಇರ್ತಾರೆ, ಬಂದು ಓದಿ ಹೇಳ್ಲಿ" ಎಂದರು. ಮಧ್ಯಾಹ್ನ ಸುಮ್ಮನೆ ಇರುವ ಹೆಂಗಸು ಯಾವ ಮನೆಯಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಆದರೂ ಹೋದೆ. ಓದಿ ಹೇಳಲು ಹೋದವಳು ನಿವೃತ್ತಿಯವರೆಗೂ ಅಲ್ಲೇ ಉಳಿದೆ.

ಸಂಘ ಹುಣಸೆಹಣ್ಣು, ಕಡಲೇಕಾಯಿ ಕೊಂಡು ಮಾರುತ್ತಿತ್ತು. ಮುಖ್ಯ ಕಚೇರಿ ಚಿಕ್ಕಬಳ್ಳಾಪುರ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಒಂದೊಂದು ಖರೀದಿ ಕೇಂದ್ರ. ತೊಂಬತ್ತರ ದಶಕದಲ್ಲಿ ಮೂರೂ ಕೇಂದ್ರಗಳನ್ನು ಟೆಲಿಫೋನ್ ತಂತಿಯ ಮೂಲಕ ನಮ್ಮ ಯಂತ್ರಕ್ಕೆ ಸೇರಿಸಿದರು. ಅಲ್ಲಿ ಮೂಟೆ ತೂಗಿ ಟೈಪ್ ಮಾಡಿದರೆ ಇಲ್ಲಿ ಲೆಕ್ಕಕ್ಕೆ ಬರಬೇಕು. ಫೋನಿಗೂ ಕಂಪ್ಯೂಟರಿಗೂ ನಡುವೆ ಕೂರುವ ಡಬ್ಬಿಗೆ ಮೋಡೆಮ್ ಎನ್ನುತ್ತಿದ್ದರು. ಮೂರು ಕೇಂದ್ರಕ್ಕೆ ಮೂರು ಮೋಡೆಮ್, ನನ್ನ ಮೇಜಿನ ಪಕ್ಕದ ಗೂಡಿನಲ್ಲಿ.

ನನ್ನ ಮೊದಲ ಎಡವಟ್ಟು ಆ ಗೂಡಿನಲ್ಲೇ ನಡೆಯಿತು. ಧೂಳು ಬೀಳುತ್ತದೆಂದು ಮೂರಕ್ಕೂ ಬಿಳಿ ದಾರದ ಕ್ರೋಶಾ ಹೊದಿಕೆ ಹೆಣೆದು ಹಾಕಿದೆ, ಅಂಚಿಗೆ ಗುಲಾಬಿ ಬಣ್ಣ. ನೋಡಲು ಬಲು ಚೆನ್ನಾಗಿತ್ತು. ಬಿಸಿಲೇರಿದರೆ ಸಾಕು, ಮೂರೂ ಲೈನು ಒಂದಾದ ಮೇಲೊಂದು ಕಡಿದು ಹೋಗುತ್ತಿದ್ದವು. ಬೆಂಗಳೂರಿನಿಂದ ಯಂತ್ರ ನೋಡಿಕೊಳ್ಳಲು ಬರುತ್ತಿದ್ದ ಎಂಜಿನಿಯರ್ ಪ್ರಸಾದ್ ಹೊದಿಕೆ ಎತ್ತಿ ಡಬ್ಬಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. "ಮೇಡಂ, ಇದಕ್ಕೆ ಚಳಿ ಆಗ್ತಿದೆ ಅಂತ ಯಾರು ಹೇಳಿದ್ರು?" ಎಂದರು. ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಹೊದಿಕೆಗಳನ್ನು ತೆಗೆದ ಮೇಲೆ ಮೋಡೆಮ್‌ಗಳ ಕೆಂಪು ದೀಪಗಳು ನನಗೆ ಕಾಣತೊಡಗಿದವು. ಲೈನು ಸೇರಿದ್ದರೆ ದೀಪ ಉರಿಯುತ್ತದೆ, ಕಡಿದರೆ ಆರುತ್ತದೆ. ಹಾಲಿಗಿಟ್ಟ ಒಲೆಯ ಮೇಲೆ ಕಣ್ಣಿಟ್ಟ ಹಾಗೆ ಅವುಗಳ ಮೇಲೊಂದು ಕಣ್ಣು ಇಟ್ಟುಕೊಂಡೇ ಬೇರೆ ಕೆಲಸ ಮಾಡುವುದು ರೂಢಿಯಾಯಿತು.

ನಮ್ಮ ಮ್ಯಾನೇಜರು ಗಂಗಾಧರಪ್ಪನವರು. ಕೆಟ್ಟವರಲ್ಲ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ತಾವೇ ಕಿಟಕಿ ತೆಗೆಯುತ್ತಿದ್ದರು. ಆದರೆ ಯಂತ್ರ ಕೆಟ್ಟಿತೆಂದರೆ ಅವರ ಬಾಯಲ್ಲಿ ಬರುವ ಮೊದಲ ಮಾತು, "ಯಾರು ಮುಟ್ಟಿದ್ರು ಅದನ್ನ?" ಏನು ಕೆಟ್ಟಿದೆ ಎಂಬುದು ಆಮೇಲೆ. ಈ ಕೆಲಸಕ್ಕೆ ಬರುವ ಮಕ್ಕಳೇ, ಇಂಥ ಮ್ಯಾನೇಜರು ನಿಮಗೂ ಸಿಗುತ್ತಾರೆ. ಅವರೊಡನೆ ಜಗಳವಾಡಿ ಪ್ರಯೋಜನವಿಲ್ಲ. ಏನು ಕೆಟ್ಟಿದೆ ಎಂದು ನೀವು ಬೇಗ ಕಂಡುಹಿಡಿಯದಿದ್ದರೆ, ಯಾರು ಮುಟ್ಟಿದರು ಎಂದು ಅವರು ಬೇಗ ಕಂಡುಹಿಡಿದುಬಿಡುತ್ತಾರೆ.

ಆಗ ನಮಗಿದ್ದ ದೊಡ್ಡ ಕಾಟ ಚಿಂತಾಮಣಿಯದು. ಜೋರು ಗಾಳಿ ಬಂದರೆ ಅಲ್ಲಿಯ ಲೈನು ಕಡಿಯುತ್ತಿತ್ತು. ಕಡಿದದ್ದು ನನಗೆ ಕಾಣುತ್ತಿತ್ತೇ ಹೊರತು ನಮ್ಮ ಯಂತ್ರಕ್ಕೆ ಗೊತ್ತಾಗುತ್ತಿರಲಿಲ್ಲ. ಆ ಕಡೆ ಇನ್ನೂ ಯಾರೋ ಕೂತಿದ್ದಾರೆಂದು ನಂಬಿ ಅರ್ಧ ತುಂಬಿದ ಲೆಕ್ಕವನ್ನು ಹಿಡಿದುಕೊಂಡೇ ಇರುತ್ತಿತ್ತು. ಅದು ಬಿಡುವವರೆಗೆ ದಿನದ ಲೆಕ್ಕ ಮುಗಿಸುವ ಹಾಗಿಲ್ಲ. ಸತ್ತ ಲೈನುಗಳನ್ನು ಒಂದೊಂದಾಗಿ ಹುಡುಕಿ ನಾನೇ ಬಿಡಿಸಬೇಕು. ಮನೆಗೆ ಹೋಗುವಷ್ಟರಲ್ಲಿ ಸೊಪ್ಪಿನವಳು ಬಂದು ಹೋಗಿರುತ್ತಿದ್ದಳು.

ಪ್ರಸಾದ್ ಇದಕ್ಕೆ ಕಾರಣ ಹುಡುಕಿದರು. ಯಂತ್ರದ ಎಲ್ಲ ಕೆಲಸದ ಅಡಿಯಲ್ಲಿ ಕರ್ನೆಲ್ ಎಂಬ ತಿರುಳಿನಂಥ ಭಾಗವಿರುತ್ತದೆ. ತಂತಿಯ ಆಚೆಯವರೊಡನೆ ಮಾತಾಡುವುದು ಅದೇ. ಬಹಳ ಹೊತ್ತು ಸದ್ದಿಲ್ಲದಿದ್ದರೆ ಅದು ಆ ಕಡೆಗೆ "ಇದ್ದೀಯಾ?" ಎಂದು ಕೇಳಬೇಕು. ಕೆಲವು ಸಲ ಕೇಳಿಯೂ ಉತ್ತರ ಬಾರದಿದ್ದರೆ ಸಂಬಂಧ ಕಡಿದುಕೊಳ್ಳಬೇಕು. ನಮ್ಮ ಕರ್ನೆಲಿನಲ್ಲಿ ಹಾಗೆ ಕೇಳುವ ಏರ್ಪಾಡೇನೋ ಇತ್ತು, ಒಂದು ತಪ್ಪಿನಿಂದ ಅದು ಶುರುವಾಗುತ್ತಲೇ ಇರಲಿಲ್ಲವಂತೆ. ಆ ತಪ್ಪು ತಿದ್ದಿದ ಹೊಸ ಕರ್ನೆಲ್ ತಂದು ಹಾಕಿದರು. ಮರುದಿನದಿಂದ ಚಿಂತಾಮಣಿಯ ಕಾಟ ನಿಂತುಹೋಯಿತು. ಗಂಗಾಧರಪ್ಪನವರು ಪ್ರಸಾದರಿಗೆ ಒಂದು ಬುಟ್ಟಿ ನಂದಿಯ ದ್ರಾಕ್ಷಿ ಕೊಟ್ಟು ಕಳಿಸಿದರು.

ಹುಣಸೆಯ ಕಾಲ ಅದು. ದ್ರಾಕ್ಷಿ ಕೊಟ್ಟು ಹೆಚ್ಚು ದಿನ ಆಗಿರಲಿಲ್ಲ, ಗೌರಿಬಿದನೂರಿನ ಗೋಡೌನಿನಲ್ಲಿ ಮೂಟೆ ಎಣಿಸಿದಾಗ ಕಂಪ್ಯೂಟರಿನ ಲೆಕ್ಕಕ್ಕಿಂತ ಕಡಿಮೆ ಬಂತು. ಮುಂದಿನ ವಾರ ಮತ್ತೂ ಕಡಿಮೆ. ಯಂತ್ರದಲ್ಲಿ ಬಂದ ಮೂಟೆ ಗೋಡೌನಿನಲ್ಲಿಲ್ಲ.

ಅಲ್ಲಿ ತೂಕ ಬರೆದುಕೊಂಡು ಟೈಪ್ ಮಾಡುತ್ತಿದ್ದವಳು ಸರೋಜಮ್ಮ. ಮೂವತ್ತರ ಆಚೀಚೆ. ಜಡೆಯನ್ನು ಎರಡು ಸುತ್ತು ಸುತ್ತಿ ಪಿನ್ನು ಚುಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರೆ ಕೆಲಸ ಮುಗಿಯುವ ತನಕ ಏಳುತ್ತಿರಲಿಲ್ಲ. ಮೇಜಿನ ಮೇಲೆ ಬುದ್ಧನ ಒಂದು ಚಿಕ್ಕ ಪಟ. ಅವಳ ಕೇರಿಯಿಂದ ಸಂಘದಲ್ಲಿ ಮೇಜಿನ ಹಿಂದೆ ಕೂತವಳು ಅವಳೊಬ್ಬಳೇ. ಗೋಡೌನಿನ ಬೀಗದ ಕೈ ಕೂಡ ಅವಳ ಹತ್ತಿರವೇ ಇರುತ್ತಿತ್ತು. ಹಾಗಾಗಿ ಗಂಗಾಧರಪ್ಪನವರು ಹೆಚ್ಚು ಹುಡುಕಬೇಕಾಗಿ ಬರಲಿಲ್ಲ.

"ಕೈ ಅವಳ ಹತ್ರ, ಟೈಪ್ ಮಾಡೋಳೂ ಅವಳೇ. ಇನ್ನೇನಮ್ಮ ಹುಡುಕೋದು?" ಎಂದರು ನನಗೆ.

ಬೀಗದ ಕೈ ಕಸಿದುಕೊಂಡು, ಮೂಟೆ ತೂಗುವ ಕಾಟಾದವನಿಗೆ ಕೊಟ್ಟರು. ತಿಂಗಳ ಕೊನೆಯ ಕಮಿಟಿ ಸಭೆಯಲ್ಲಿ ಅವಳನ್ನು ಕೆಲಸದಿಂದ ತೆಗೆಯುವ ವಿಷಯ ಇಡುವುದೆಂದು ಮಾತಾಯಿತು. ಕಚೇರಿಯಲ್ಲಿ ಒಬ್ಬಿಬ್ಬರು, "ಅವಳಲ್ವಾ, ಮತ್ತೆ" ಎಂದರು. ಆ "ಮತ್ತೆ" ಎಂದ ಧಾಟಿ ನನಗೆ ಸೇರಲಿಲ್ಲ.

ಮೊದಲು ನಾನು ಅವಳ ಟೈಪಿಂಗಿನಲ್ಲೇ ತಪ್ಪಿದೆಯೇನೋ ಎಂದು ನೋಡಿದೆ. ಕೆಲವು ರೈತರ ಮೂಟೆ ಎರಡೆರಡು ಸಲ ಬಂದಿದ್ದವು. ಅದೇ ಹೆಸರು, ಅದೇ ತೂಕ. ಒಂದರಲ್ಲಿ ದರ ಇದೆ, ಇನ್ನೊಂದರಲ್ಲಿ ದರದ ಜಾಗ ಖಾಲಿ. ಕದಿಯುವವಳು ಹೀಗೆ ಎದ್ದು ಕಾಣುವ ಹಾಗೆ ಕದಿಯುತ್ತಾಳೆಯೆ? ಕೇಳೋಣವೆಂದರೆ ಕೇಂದ್ರಕ್ಕಿದ್ದದ್ದು ಒಂದೇ ಫೋನು, ದಿನವೆಲ್ಲ ಅದು ಕಂಪ್ಯೂಟರಿಗೇ ಮೀಸಲು. ಬಾಗಿಲು ಹಾಕುವ ಹೊತ್ತಿಗೆ ಫೋನು ಮಾಡಿದೆ.

"ನಾನು ಎರಡು ಸಲ ಹೊಡೆದಿಲ್ಲ ವಸಂತಕ್ಕ," ಎಂದಳು. "ಒಂದೊಂದ್ಸಲ ಅದೇ ಆಚೆ ಹಾಕ್ಬಿಡ್ತೈತೆ. ಮತ್ತೆ ಮೊದಲಿಂದ ಹೊಡೀತೀನಿ."

"ಲೈನು ಕಡಿಯುತ್ತಾ ಸರೋಜ?"

"ಇಲ್ಲಕ್ಕ. ಲೈನು ಚೆನ್ನಾಗೈತೆ."

ಚೆನ್ನಾಗಿರಲಿಲ್ಲ. ಎದುರಿಗೇ ಗೂಡಿನಲ್ಲಿ ನೋಡುತ್ತಿದ್ದೆನಲ್ಲ. ಬೆಳಗಿನ ಕಾಫಿ ಲೋಟ ಎತ್ತಿಕೊಂಡು ಹೋದ ಮೇಲೆ, ಊಟದ ಡಬ್ಬಿ ಬಿಚ್ಚುವುದಕ್ಕೆ ಮುಂಚೆ, ಗೌರಿಬಿದನೂರಿನ ದೀಪ ಆರುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಗಾಳಿ ಇರಲಿ ಬಿಡಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಗಾಳಿಗೆ ಎಲ್ಲಿಯ ವೇಳಾಪಟ್ಟಿ?

ಹಳೆಯ ಕರ್ನೆಲನ್ನು ಪ್ರಸಾದ್ ಅಳಿಸದೆ ಬಿಟ್ಟಿದ್ದರು. ಯಾರಿಗೂ ಹೇಳದೆ ಎರಡು ದಿನ ಹಳೆಯದನ್ನೇ ಹಾಕಿ ನಡೆಸಿದೆ. ದೀಪ ಎಂದಿನಂತೆ ಆರಿತು, ಹತ್ತಿತು, ಆದರೆ ಒಂದು ಮೂಟೆಯೂ ಎರಡು ಸಲ ಬರಲಿಲ್ಲ. ಹೊಸದನ್ನು ಹಾಕಿದ ದಿನವೇ ಎರಡೆರಡು ಬಂದವು. ಗಂಗಾಧರಪ್ಪನವರಿಗೆ ಹೇಳಿದೆ.

"ಏನಮ್ಮ ನೀವು! ಕೆಟ್ಟಿದ್ದನ್ನ ಸರಿ ಮಾಡಿದ್ದಕ್ಕೆ ಚೆನ್ನಾಗಿದ್ದದ್ದು ಕೆಡುತ್ತಾ?"

ಪ್ರಸಾದರಿಗೆ ಫೋನು ಮಾಡಿದೆ. "ಲೈನು ಕಡಿದಾಗ ಹೊಸ ಕರ್ನೆಲ್ ಮಾಡಬೇಕಾದ್ದನ್ನೇ ಮಾಡ್ತಿದೆ ಮೇಡಂ. ಯಾಕೆ ಕಡೀತಿದೆ ನೋಡಿ" ಎಂದರು. ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಈ ಕೆಲಸದಲ್ಲಿ ದಣಿವಾಗುವುದು ಇಂಥ ದಿನಗಳಲ್ಲೇ. ಎಲ್ಲರೂ ಸರಿಯಾಗಿಯೇ ಮಾತಾಡುತ್ತಿರುತ್ತಾರೆ, ಒಬ್ಬಳ ಕೆಲಸ ಮಾತ್ರ ಹೋಗುತ್ತಿರುತ್ತದೆ.

ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋದೆ. ಸರೋಜಮ್ಮ ಮಜ್ಜಿಗೆ ಕೊಟ್ಟಳು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ರೈತರು ಮೂಟೆ ಇಳಿಸಿದರು, ಕಾಟಾದವನು ತೂಗಿದ, ಅವಳು ಹೆಸರು, ಮೂಟೆ, ತೂಕ ಟೈಪ್ ಮಾಡಿದಳು. ದರದ ಜಾಗಕ್ಕೆ ಬಂದು ನಿಲ್ಲಿಸಿದಳು. ಸಂಘದ ಆ ದಿನದ ದರಕ್ಕೆ ರೈತ ಹೂಂ ಅಂದರೆ ಮಾತ್ರ ಅದು ತುಂಬಬೇಕು. ಒಪ್ಪದಿದ್ದರೆ ಮೂಟೆ ವಾಪಸು ಗಾಡಿಗೆ. ಆ ದಿನ ಯಾರೂ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಕಿಟಕಿಯ ಹತ್ತಿರ ಸುಮ್ಮನೆ ನಿಂತರು. ಲೈನು ಒಮ್ಮೆಯೂ ಕಡಿಯಲಿಲ್ಲ.

ನನ್ನ ಕಣ್ಣು ಆ ಕಿಟಕಿಯ ಮೇಲೆಯೇ ಹೋಯಿತು. ಉಳಿದ ಕಿಟಕಿಗಳ ದಿಂಡಿನ ಮೇಲೆ ಹುಣಸೆಯ ನಾರು, ಧೂಳು. ಅದೊಂದರ ದಿಂಡು ಮಾತ್ರ ಮೊಣಕೈ ಊರಿ ಊರಿ ನುಣುಪಾಗಿತ್ತು. ಫೋನು ಇದ್ದದ್ದು ಆ ದಿಂಡಿನ ಪಕ್ಕದಲ್ಲೇ. ಅದರ ಸುರುಳಿ ತಂತಿ ಎಳೆದೆಳೆದು ಸುರುಳಿಯೇ ಇರಲಿಲ್ಲ.

ಪೇಟ ಸುತ್ತಿದ್ದ ಮುದುಕರೊಬ್ಬರು ಕೊನೆಗೆ ತಡೆಯಲಾರದೆ, ಇವತ್ತು ಫೋನು ಬರಲಿಲ್ಲವೇ ಎಂದು ತೆಲುಗಿನಲ್ಲಿ ಕೇಳಿಯೇಬಿಟ್ಟರು. "ಏಮಮ್ಮಾ, ಈ ದಿನಂ ಫೋನು ರಾಲೇದಾ?"

ಸರೋಜಮ್ಮ ಕಣ್ಣಲ್ಲೇ ಬೇಡವೆಂದಳು. ಮುದುಕರು ನನ್ನ ಕಡೆ ನೋಡಿ, "ಓಹೋ, ದೊಡ್ಡಮ್ಮನೋರು ಬಂದವ್ರೆ" ಎಂದು ಕನ್ನಡಕ್ಕೆ ಹೊರಳಿ, ಬೀಡಿ ಹಚ್ಚಲು ಆಚೆ ಹೋದರು.

"ಯಾವ ಫೋನು ಸರೋಜ?" ಎಂದೆ.

ಅವಳು ಕೀಬೋರ್ಡನ್ನು ಆಚೆ ಸರಿಸಿದಳು. ಆಮೇಲೆ ಹೇಳಿದಳು.

ಗೌರಿಬಿದನೂರಿನಿಂದ ಹಿಂದೂಪುರ ಹತ್ತಿರ. ಗಡಿಯಾಚೆ, ಆಂಧ್ರ. ಹುಣಸೆಗೆ ಅಲ್ಲಿಯ ಮಂಡಿ ದೊಡ್ಡದು. ಬೆಳಗಿನ ವ್ಯಾಪಾರ ಒಂದು ಹದಕ್ಕೆ ಬಂದ ಮೇಲೆ, ಅಲ್ಲಿರುವ ಇವರ ಕಡೆಯ ಯಾರಾದರೂ ಕೇಂದ್ರಕ್ಕೆ ಫೋನು ಮಾಡಿ ದರ ಹೇಳುತ್ತಿದ್ದರು. ಅದನ್ನು ಕೇಳಿ ರೈತರು ಇಲ್ಲಿ ಕೊಡುವುದೋ, ಅಲ್ಲಿಗೆ ಒಯ್ಯುವುದೋ ತೀರ್ಮಾನಿಸುತ್ತಿದ್ದರು. ಕಂಪ್ಯೂಟರು ಬರುವುದಕ್ಕೆ ಮುಂಚಿನಿಂದ ನಡೆದುಬಂದ ಪದ್ಧತಿ. ಕಂಪ್ಯೂಟರು ಬಂದು ಫೋನನ್ನು ಹಿಡಿದುಕೊಂಡಿತು. ಲೈನು ಬೇರೆ ಯಾವುದಕ್ಕೂ ಬಿಡಬಾರದೆಂದು ಗಂಗಾಧರಪ್ಪನವರ ಆರ್ಡರು ಬಂತು.

"ನಾನು ಅರ್ಧ ಹೊಡೆದು ಮೋಡೆಮ್ ಆರಿಸಿಬಿಡ್ತಿದ್ದೆ ಅಕ್ಕ. ಫೋನು ಬರೋದು, ಮಾತಾಡೋರು. ಮತ್ತೆ ಹಚ್ಚಿ ಲೈನು ಸೇರಿಸಿದ್ರೆ ಪರದೆ ಎಲ್ಲಿತ್ತೋ ಅಲ್ಲೇ ಇರೋದು. ದರ ತುಂಬಿ ಮುಂದಕ್ಕೆ ಹೋಗೋದು. ಈಗೀಗ ಮಾತು ಉದ್ದ ಆದ್ರೆ ಆಚೆ ಹಾಕ್ಬಿಡ್ತೈತೆ."

ಕೇಳಿದ ಕೂಡಲೇ ಎಲ್ಲ ಬಿಡಿಸಿಕೊಂಡಿತು. ಹಳೆಯ ಕರ್ನೆಲ್ "ಇದ್ದೀಯಾ?" ಎಂದು ಕೇಳುತ್ತಲೇ ಇರಲಿಲ್ಲ, ಆದ್ದರಿಂದ ಅವಳು ಲೈನು ಬಿಡಿಸಿದ್ದು ಅದಕ್ಕೆ ತಿಳಿಯುತ್ತಿರಲಿಲ್ಲ. ಹೊಸದು ಕೇಳುತ್ತದೆ, ಉತ್ತರವಿಲ್ಲ, ಸಂಬಂಧ ಕಡಿಯುತ್ತದೆ. ಕಡಿದಾಗ ನಮ್ಮ ಲೆಕ್ಕದ ಪ್ರೋಗ್ರಾಮು ಅರ್ಧ ತುಂಬಿದ್ದನ್ನು ಬಂದ ಮೂಟೆಯೆಂದೇ ಉಳಿಸಿಕೊಳ್ಳುತ್ತದೆ. ಅವಳು ಮೊದಲಿನಿಂದ ಟೈಪ್ ಮಾಡುತ್ತಾಳೆ. ಒಂದು ಮೂಟೆ ಎರಡಾಗುತ್ತದೆ. ಒಂದು ತಪ್ಪಿನ ಆಸರೆಯಲ್ಲಿ ಊರಿನ ಒಂದು ಪದ್ಧತಿ ಬದುಕಿಕೊಂಡಿತ್ತು, ತಪ್ಪು ತಿದ್ದಿದ ದಿನ ಅದು ಬಿದ್ದುಹೋಯಿತು.

"ಇದನ್ನ ಹೇಳ್ಬೇಡಿ ಅಕ್ಕ" ಎಂದಳು.

"ಹೇಳದಿದ್ದರೆ ಮೂಟೆ ಕದ್ದವಳು ಅಂತಾರೆ."

"ಹೇಳಿದ್ರೆ ಆರ್ಡರ್ ಮೀರ್ದೋಳು ಅಂತಾರೆ. ಕೆಲಸ ಎರಡ್ರಲ್ಲೂ ಹೋಗ್ತೈತೆ. ಫೋನೂ ನಿಲ್ತೈತೆ." ಮಜ್ಜಿಗೆ ಲೋಟ ಎತ್ತಿಟ್ಟು ಬಂದು ಕೂತಳು. "ಕದ್ದೋಳು ಅನ್ನಿಸ್ಕೊಂಡು ನಮ್ಮ ಕೇರಿಗೆ ಹೋಗಕ್ಕಾಗಲ್ಲ. ನಾನೇ ಹೇಳ್ತೀನಿ, ನೀವು ಯಂತ್ರದ್ದು ಹೇಳಿ" ಎಂದಳು.

ಚಿಕ್ಕಬಳ್ಳಾಪುರಕ್ಕೆ ಬಂದು ಇನ್ನೊಂದು ಕಂಪ್ಯೂಟರಿನಿಂದ ಅವಳು ಮಾಡಿದಂತೆಯೇ ಮಾಡಿ ನೋಡಿದೆ. ಅದಕ್ಕೆ ಮುಂಚೆ ಗಂಟೆಗಟ್ಟಲೆ ಸುಮ್ಮನೆ ಕೂತು ಪರೀಕ್ಷಿಸಿದ್ದಾಗ ಏನೂ ಆಗಿರಲಿಲ್ಲ. ತಂತಿ ಸೇರಿಯೇ ಇತ್ತಲ್ಲ, ಯಂತ್ರ ಕೇಳಿದಾಗಲೆಲ್ಲ ಆ ಕಡೆಯಿಂದ ಉತ್ತರ ಹೋಗುತ್ತಿತ್ತು. ಈ ಸಲ ತಂತಿ ಕಿತ್ತು, ಹೋಗಿ ಕಾಫಿ ಕುಡಿದು ಬಂದು ಸಿಕ್ಕಿಸಿ, ಮೊದಲಿನಿಂದ ಟೈಪ್ ಮಾಡಿದೆ. ಒಂದು ಮೂಟೆ ಎರಡಾಗಿತ್ತು.

ಸಭೆಯ ದಿನ ಸರೋಜಮ್ಮ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು ಬಂದಿದ್ದಳು. ಕುರ್ಚಿ ಖಾಲಿಯಿದ್ದರೂ ಯಾರೂ ಕೂರು ಅನ್ನಲಿಲ್ಲ. ನಾನು ಎಳೆದು ಕೂರಿಸಿದೆ. ಸಂಘದ ಅಧ್ಯಕ್ಷರು ಜಮೀನಿದ್ದವರು, ತಾವೂ ಹುಣಸೆ ತೋಪಿನ ಒಡೆಯರು. ಅವರ ಎದುರಿಗೇ ಇಲ್ಲದ ಮೂಟೆಯೊಂದನ್ನು ಟೈಪ್ ಮಾಡಿ ತಂತಿ ಕಿತ್ತೆ. "ಕಾಫಿ ಕುಡೀರಿ" ಎಂದೆ. ಕುಡಿದರು. ತಂತಿ ಸಿಕ್ಕಿಸಿ, ಮತ್ತೆ ಟೈಪ್ ಮಾಡಿ, ಲೆಕ್ಕ ತೆರೆದು ತೋರಿಸಿದೆ.

ಅಧ್ಯಕ್ಷರು ಪರದೆಯ ಹತ್ತಿರ ಬಗ್ಗಿದರು. "ಅಂದ್ರೆ ಮೂಟೆ ಹೋಗಿಲ್ಲ. ಬಂದೇ ಇಲ್ಲ."

"ಬಂದೇ ಇಲ್ಲ."

ಗಂಗಾಧರಪ್ಪನವರು ಕನ್ನಡಕ ಒರೆಸಿಕೊಂಡರು. "ಅದು ಸರಿ. ಲೈನು ಯಾಕೆ ಬಿಡಿಸಿದ್ದು?"

ಸರೋಜಮ್ಮ ಎದ್ದು ನಿಂತು ಹಿಂದೂಪುರದ ಫೋನಿನ ವಿಷಯ ಹೇಳಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿತ್ತು.

"ಇನ್ಮೇಲೆ ಬಿಡಿಸಬೇಕಾದ್ರೆ ಮೊದಲು ನನಗೆ ಫೋನ್ ಮಾಡಿ ಕೇಳ್ಬೇಕು" ಎಂದರು ಗಂಗಾಧರಪ್ಪನವರು.

"ನಿಮಗೆ ಫೋನ್ ಮಾಡೋಕೂ ಲೈನು ಬಿಡಿಸಬೇಕಲ್ಲ ಸಾರ್" ಎಂದಳು.

ಅಧ್ಯಕ್ಷರು ಮೇಜು ತಟ್ಟಿ ನಕ್ಕರು. "ರೈತರ ಫೋನು ಕಣ್ರೀ, ಬರ್ಲಿ ಬಿಡ್ರಿ. ಅಮ್ಮಾ, ನಿಮ್ಮ ಯಂತ್ರಕ್ಕೆ ಒಂದು ಸ್ವಲ್ಪ ತಾಳ್ಮೆ ಕಲಿಸಿ."

ಕಲಿಸಿದೆವು. ಪ್ರಸಾದ್ ಬಂದು, ಕೇಳುವುದಕ್ಕೆ ಮುಂಚೆ ಇನ್ನಷ್ಟು ಹೊತ್ತು ಕಾಯುವ ಹಾಗೆ ಕರ್ನೆಲನ್ನು ಬದಲಿಸಿದರು. ದರ ತುಂಬದ ಮೂಟೆಯನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ಪ್ರೋಗ್ರಾಮನ್ನು ತಿದ್ದಿದರು. "ಮೇಡಂ, ಒಂದು ಮಾತು. ಬಗ್ ಇದಲ್ಲ. ಮೊದಲು ನಡೀತಿತ್ತಲ್ಲ, ಅದು ಬಗ್" ಎಂದರು. ಅದೂ ಸರಿಯೇ.

ಸರೋಜಮ್ಮನ ಕೆಲಸ ಉಳಿಯಿತು. ತಪ್ಪಾಯಿತೆಂದು ಯಾರೂ ಅವಳಿಗೆ ಹೇಳಲಿಲ್ಲ. "ಸರಿ ಬಿಡಮ್ಮ, ಹೋಗಿ ಕೆಲಸ ನೋಡು" ಎಂದರು. ಗೋಡೌನಿನ ಕೈ ಕಾಟಾದವನ ಹತ್ತಿರವೇ ಉಳಿಯಿತು. ನಾನು ಒಮ್ಮೆ ಗಂಗಾಧರಪ್ಪನವರಿಗೆ ನೆನಪಿಸಿದೆ. "ಈಗ ನಡೀತಿದೆಯಲ್ಲಮ್ಮ, ಯಾಕೆ ಮತ್ತೆ ಅದನ್ನ ಅಲ್ಲಾಡಿಸೋದು?" ಎಂದರು. ಇನ್ನೊಮ್ಮೆ ನೆನಪಿಸಬೇಕಿತ್ತೋ ಏನೋ.

ಆಮೇಲೆ ದಿನವೂ ಕಾಯುತ್ತಿದ್ದೆ. ಕಾಫಿ ಲೋಟ ಎತ್ತಿಕೊಂಡು ಹೋದ ಮೇಲೆ ಗೌರಿಬಿದನೂರಿನ ದೀಪ ಆರಬೇಕು, ಮತ್ತೆ ಹತ್ತಬೇಕು, ಮೂಟೆ ಒಂದೇ ಇರಬೇಕು. ನಾವು ಮಾಡಿದ್ದು ಕೆಲಸ ಮಾಡುತ್ತದೆಯೋ ಇಲ್ಲವೋ ನೋಡಬೇಕಿತ್ತು. ದೀಪ ಆರಲೇ ಇಲ್ಲ. ಒಂದು ವಾರ ನೋಡಿ ಮತ್ತೆ ಬಸ್ಸು ಹತ್ತಿದೆ.

ಕಿಟಕಿಯ ಹತ್ತಿರ ಯಾರೂ ಇರಲಿಲ್ಲ. ಸರೋಜಮ್ಮ ಮಜ್ಜಿಗೆ ತಂದಿಟ್ಟಳು.

"ಫೋನಿಗೆ ಬಿಡಿಸಬಹುದು ಅಂತ ಅಧ್ಯಕ್ಷರೇ ಹೇಳಿದರಲ್ಲ ಸರೋಜ. ಯಂತ್ರವೂ ಈಗ ಆಚೆ ಹಾಕೋದಿಲ್ಲ."

"ಗೊತ್ತಕ್ಕ."

"ಮತ್ತೆ?"

"ನಾಳೆ ಇನ್ನೇನೋ ಕಮ್ಮಿ ಬರ್ತೈತೆ. ಲೈನು ಬಿಡಿಸ್ದೋಳು ಯಾರು ಅಂತ ಮೊದಲು ಕೇಳ್ತಾರೆ." ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. "ನಾನು ಮುಟ್ಟಲ್ಲಕ್ಕ ಅದನ್ನ. ಬಂದಿದ್ದು ಹೊಡೀತೀನಿ, ಸಂಜೆ ಮನೆಗೆ ಹೋಗ್ತೀನಿ."

ಪೇಟದ ಮುದುಕರು ಏನು ಮಾಡುತ್ತಿದ್ದಾರೆಂದು ಕೇಳಿದೆ. ಮೂಟೆಯನ್ನು ಇಲ್ಲಿ ಇಳಿಸದೆ ನೇರ ಹಿಂದೂಪುರಕ್ಕೇ ಒಯ್ಯುತ್ತಾರಂತೆ. ದರ ಗೊತ್ತಿಲ್ಲದೆ ಇಲ್ಲಿ ಕೊಡಲು ಮನಸ್ಸಿಲ್ಲ, ಅಲ್ಲಿ ಹೋದ ಮೇಲೆ ಸಿಕ್ಕ ದರಕ್ಕೆ ಕೊಡದೆ ವಿಧಿಯಿಲ್ಲ. ಎಷ್ಟೋ ಜನ ಹಾಗೇ ಮಾಡುತ್ತಿದ್ದಾರೆ ಎಂದಳು. ಮಜ್ಜಿಗೆ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಆ ವರ್ಷ ಸಂಘದ ವಾರ್ಷಿಕ ಸಭೆಯಲ್ಲಿ ಗಂಗಾಧರಪ್ಪನವರು, ಯಂತ್ರ ತಿದ್ದಿದ ಮೇಲೆ ನಮ್ಮ ಎಲ್ಲ ಕೇಂದ್ರಗಳಲ್ಲಿ ಒಮ್ಮೆಯೂ ಕಡಿಯದ ಲೈನೆಂದರೆ ಗೌರಿಬಿದನೂರಿನದು ಎಂದು ಓದಿದರು. ಜನ ಚಪ್ಪಾಳೆ ತಟ್ಟಿದರು. ಊಟದ ಪಂಕ್ತಿಯಲ್ಲಿ ಪ್ರಸಾದ್ ನನ್ನ ಪಕ್ಕ ಕೂತಿದ್ದರು. ಎಲೆಗೆ ನೀರು ಚಿಮುಕಿಸುತ್ತಾ, "ಆ ಪ್ರಾಬ್ಲಮ್ಮು ಮತ್ತೆ ಬಂತಾ ಮೇಡಂ?" ಎಂದು ಕೇಳಿದರು.

"ಇಲ್ಲ, ಬರಲಿಲ್ಲ" ಎಂದೆ.